ಮುಂಗಾಲಿಗೊಂದು ಬೀಗ



ಕೊಡಚಾದ್ರಿಯ ಏರಿಗೋ, ಮಡಿಕೇರಿ ಬಳಿಯ ಮಾಂದಲಪಟ್ಟಿಗೋ ಜೀಪು ಹತ್ತಿ ಹೋದವರು ನಿಮ್ಮಲ್ಲಿ ಅನೇಕರಿರಬಹುದು. ಟಾರು ಮುಗಿದು ಮಣ್ಣಿನ ದಾರಿ ಶುರುವಾಗುವ ಕಡೆ ಕೆಲವು ಹಳೆಯ ಗಾಡಿಗಳ ಚಾಲಕರು ಜೀಪು ನಿಲ್ಲಿಸಿ ಕೆಳಗಿಳಿಯುತ್ತಾರೆ. ಮುಂದಿನ ಎಡಗಾಲಿಯ ಬಳಿ ಬಗ್ಗಿ ಅದರ ನಡುವೆ ಇರುವ ಬಿಲ್ಲೆಯನ್ನು ತಿರುವುತ್ತಾರೆ. ಆಮೇಲೆ ಆಚೆ ಬದಿಗೆ ಹೋಗಿ ಬಲಗಾಲಿಗೂ ಹಾಗೆಯೇ ಮಾಡುತ್ತಾರೆ. ಮತ್ತೆ ಸೀಟಿಗೆ ಬಂದು ಕೂತು, ಗೇರಿನ ಪಕ್ಕದ ಸಣ್ಣ ಸನ್ನೆಯನ್ನು ಎಳೆದು, ‘ಫೋರ್ ವೀಲ್ ಹಾಕಿದೆ, ಇನ್ನು ಹೋಗೋಣ’ ಎನ್ನುತ್ತಾರೆ. ಆ ಬಿಲ್ಲೆಯ ಮೇಲೆ ‘ಫ್ರೀ’ ಮತ್ತು ‘ಲಾಕ್’ ಎಂದು ಎರಡು ಗುರುತು ಇರುತ್ತವೆ. ಒಂದು ಬಿಡುಗಡೆ, ಇನ್ನೊಂದು ಬೀಗ. ಇದರ ಹೆಸರು ಲಾಕಿಂಗ್ ಹಬ್. ಫ್ರೀ ವೀಲ್ ಹಬ್ ಎಂದೂ ಕರೆಯುವುದುಂಟು.

ಗಾಲಿಗೆ ಬೀಗ ಏಕೆ ಬೇಕು? ಒಳಗಿನ ಸನ್ನೆ ಒಂದೇ ಸಾಲದೆ? ಗಾಡಿಗೆ ನಾಲ್ಕೂ ಗಾಲಿಯ ಎಳೆತವಿದೆ ಎಂದ ಮೇಲೆ ಅದನ್ನು ಯಾವಾಗಲೂ ಹಾಕಿಯೇ ಇಟ್ಟರೆ ಏನು ತೊಂದರೆ? ಈ ಮೂರು ಪ್ರಶ್ನೆಗಳಿಗೆ ಇವತ್ತು ಉತ್ತರ ಹುಡುಕೋಣ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾಲ್ಕು ಗಾಲಿ ಎಳೆಯುವ ಗಾಡಿಯ ಜಾಣತನವೆಲ್ಲ ಯಾವಾಗ ಕೂಡಿಸಬೇಕು, ಯಾವಾಗ ಬಿಡಿಸಬೇಕು ಎಂಬುದರಲ್ಲಿದೆ. ಕೂಡಿಸುವ ವಿದ್ಯೆಯನ್ನು ಯಂತ್ರಶಿಲ್ಪಿಗಳು ಮೊದಲು ಕಲಿತರು. ಚೆನ್ನಾಗಿ ಬಿಡಿಸುವ ವಿದ್ಯೆ ಆಮೇಲೆ ಬಂತು.

ಮೊದಲು ಹಿಡಿತದ ಲೆಕ್ಕ ನೋಡೋಣ. ಗಾಡಿಯನ್ನು ಮುಂದಕ್ಕೆ ತಳ್ಳುವುದು ಎಂಜಿನ್ನು ಎಂದು ನಾವು ಹೇಳುತ್ತೇವೆ. ಆದರೆ ಎಂಜಿನ್ನಿನ ಬಲ ನೆಲಕ್ಕೆ ಮುಟ್ಟುವುದು ಟೈರಿನ ಅಂಗೈಯಗಲದ ಜಾಗದಲ್ಲಿ. ಆ ಜಾಗದಲ್ಲಿ ಎಷ್ಟು ಹಿಡಿತ ಸಿಗುತ್ತದೋ ಅಷ್ಟೇ ಬಲ ಕೆಲಸಕ್ಕೆ ಬರುತ್ತದೆ. ಉಳಿದದ್ದು ಟೈರು ಗಿರಗಿರನೆ ಸುತ್ತಿ ಕೆಸರು ಎರಚುವುದರಲ್ಲಿ ಹಾಳಾಗುತ್ತದೆ.

1500 ಕಿಲೋ ತೂಗುವ ಒಂದು ಜೀಪು ಇದೆ ಎನ್ನಿ. ಅರ್ಧ ಭಾರ ಮುಂದಿನ ಗಾಲಿಗಳ ಮೇಲೆ, ಅರ್ಧ ಭಾರ ಹಿಂದಿನ ಗಾಲಿಗಳ ಮೇಲೆ. ಎದುರಿಗೆ ಐದು ಅಡಿಗೆ ಒಂದು ಅಡಿ ಏರುವ ದಾರಿ. ಈ ಏರು ಹತ್ತಬೇಕಾದರೆ ಸುಮಾರು 300 ಕಿಲೋದಷ್ಟು ನೂಕು ಬೇಕು. ಒಣಗಿದ ಟಾರು ರಸ್ತೆಯಲ್ಲಿ ಟೈರಿಗೆ ತನ್ನ ಮೇಲಿನ ಭಾರದ ನೂರಕ್ಕೆ 70ರಷ್ಟು ಹಿಡಿತ ಸಿಗುತ್ತದೆ. ಹಿಂದಿನ ಎರಡೇ ಗಾಲಿಗಳಿಂದ 500 ಕಿಲೋಗೂ ಮಿಕ್ಕಿ ನೂಕು ಬಂತು. ಗಾಡಿ ನಿರಾಯಾಸವಾಗಿ ಹತ್ತಿತು. ಅದೇ ಏರು ಜುಲೈ ತಿಂಗಳ ಕೆಂಪು ಅರಲಾಗಿದ್ದರೆ ಹಿಡಿತ ನೂರಕ್ಕೆ 30ಕ್ಕೆ ಇಳಿಯಿತು ಎಂದುಕೊಳ್ಳಿ. ಹಿಂದಿನ ಗಾಲಿಗಳಿಂದ ಸಿಗುವುದು 225 ಕಿಲೋ ಮಾತ್ರ. ಎಂಜಿನ್ನು ಎಷ್ಟೇ ದೊಡ್ಡದಿರಲಿ, ಗಾಡಿ ಹತ್ತುವುದಿಲ್ಲ. ಮುಂದಿನ ಗಾಲಿಗಳನ್ನೂ ದುಡಿಸಿಕೊಂಡರೆ 450 ಕಿಲೋ ಆಯಿತು. ಏರಿಗೆ ಬೇಕಾದ 300, ಕೆಸರು ಟೈರನ್ನು ಹಿಡಿದೆಳೆಯುವುದಕ್ಕೆ ಇನ್ನೊಂದು 100 ಎಂದರೂ ಗಾಡಿ ಮೇಲೆ ಹೋಯಿತು.

ಈ ಲೆಕ್ಕದಲ್ಲಿ ಎಂಜಿನ್ನಿನ ಬಲ ಒಂದು ಗುಲಗಂಜಿಯಷ್ಟೂ ಹೆಚ್ಚಾಗಿಲ್ಲ. ಗಾಡಿ ಹೇಗಿದ್ದರೂ ಹೊತ್ತುಕೊಂಡಿದ್ದ ಮುಂಭಾಗದ ಭಾರವನ್ನು ಹಿಡಿತಕ್ಕೆ ಬಳಸಿಕೊಂಡೆವು, ಅಷ್ಟೆ.

ಇನ್ನು ಬಲ ಹರಿಯುವ ದಾರಿ. ನಮ್ಮ ಎತ್ತಿನ ಗಾಡಿಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಅದರ ಅಚ್ಚು ತಿರುಗುವುದಿಲ್ಲ. ಗಾಲಿಗಳು ಅಚ್ಚಿನ ತುದಿಯಲ್ಲಿ ತಮ್ಮಷ್ಟಕ್ಕೆ ತಾವು ಸುತ್ತುತ್ತವೆ, ಕಳಚಿ ಬೀಳದಂತೆ ಕಡಾಣಿ ಹಿಡಿದಿರುತ್ತದೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ಸುತ್ತುತ್ತದೆ, ಒಳಗಿನದು ಕಡಿಮೆ. ಯಾರಿಗೂ ತಕರಾರಿಲ್ಲ, ಏಕೆಂದರೆ ಎಳೆಯುವುದು ಎತ್ತು. ಮೋಟಾರು ಗಾಡಿಯಲ್ಲಿ ಎಳೆಯುವ ಕೆಲಸವೂ ಗಾಲಿಯದೇ. ಹಾಗಾಗಿ ಗಾಲಿಯನ್ನು ಅಚ್ಚಿಗೆ ಬಿಗಿಯಬೇಕು, ಅಚ್ಚನ್ನು ಎಂಜಿನ್ನು ತಿರುಗಿಸಬೇಕು. ಬಿಗಿದ ಕ್ಷಣದಿಂದ ತೊಂದರೆ ಶುರು.

ಎಡಬಲ ಗಾಲಿಗಳ ನಡುವೆ 1.4 ಮೀಟರ್ ಅಂತರವಿದ್ದರೆ, ಒಂದು ಮೂಲೆ ತಿರುಗುವಷ್ಟರಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಸುಮಾರು 2.2 ಮೀಟರ್ ಹೆಚ್ಚು ಓಡಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ಇದು ಸಾಧ್ಯವಿಲ್ಲ. ಅದಕ್ಕಾಗಿ ನಡುವೆ ಡಿಫರೆನ್ಷಿಯಲ್ ಇದೆ. ಲಾರಿಯ ಹಿಂದೆ ಬಗ್ಗಿ ನೋಡಿದರೆ ಅಚ್ಚಿನ ನಡುವೆ ಕುಂಬಳಕಾಯಿ ಗಾತ್ರದ ಉಬ್ಬು ಕಾಣುತ್ತದಲ್ಲ, ಅದೇ. ಅದರೊಳಗೆ ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿ ಬಂದು ಕ್ರೌನ್ ವೀಲ್ ಎಂಬ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಕ್ರೌನ್ ವೀಲಿನ ಜೊತೆ ಸುತ್ತುವ ಗೂಡಿನಲ್ಲಿ ಸಣ್ಣ ಹಲ್ಲುಗಾಲಿಗಳಿವೆ. ಗ್ಯಾರೇಜಿನವರು ಅವನ್ನು ಸ್ಟಾರ್ ಗೇರ್ ಎನ್ನುತ್ತಾರೆ. ನೇರ ದಾರಿಯಲ್ಲಿ ಅವು ಸುಮ್ಮನಿದ್ದು, ಎಡಬಲ ಗಾಲಿಗಳಿಗೆ ಹೋಗುವ ಸರಳುಗಳಾದ ಎರಡೂ ಆಕ್ಸಲ್‌ಗಳನ್ನು ಸಮನಾಗಿ ಒಯ್ಯುತ್ತವೆ. ತಿರುವಿನಲ್ಲಿ ತಾವೇ ಉರುಳಿ, ಒಂದು ಕಡೆ ಎಷ್ಟು ಸುತ್ತು ಕಡಿಮೆಯಾಯಿತೋ ಅಷ್ಟನ್ನು ಇನ್ನೊಂದು ಕಡೆಗೆ ಕೂಡಿಸುತ್ತವೆ.

ಡಿಫರೆನ್ಷಿಯಲ್‌ಗೆ ಒಂದು ಸ್ವಭಾವವಿದೆ. ಸುತ್ತುಗಳನ್ನು ಅದು ಹೇಗೆ ಬೇಕಾದರೂ ಹಂಚುತ್ತದೆ, ಆದರೆ ತಿರುಚುಬಲವನ್ನು ಮಾತ್ರ ಎರಡೂ ಬದಿಗೆ ಸಮನಾಗಿಯೇ ಕೊಡುತ್ತದೆ. ಒಂದು ಗಾಲಿ ಜಾರುವ ಕೆಸರಿನಲ್ಲಿದ್ದರೆ ಅದನ್ನು ಸುತ್ತಿಸಲು ಕೊಂಚವೇ ಬಲ ಸಾಕು. ಗಟ್ಟಿ ನೆಲದ ಮೇಲಿರುವ ಇನ್ನೊಂದು ಗಾಲಿಗೂ ಆಗ ಅಷ್ಟೇ ಕೊಂಚ ಬಲ ಸಿಗುತ್ತದೆ. ಒಂದು ಗಾಲಿ ಗರಗರ ಸುತ್ತುತ್ತಿದ್ದರೂ ಅದರ ಜೋಡಿ ಅಲುಗಾಡದೆ ನಿಂತಿರುವುದನ್ನು ನೀವು ನೋಡಿರುತ್ತೀರಿ. ಈ ಸ್ವಭಾವವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಾಲ್ಕು ಗಾಲಿಯ ಗಾಡಿಯಲ್ಲಿ ಇಂಥ ಡಿಫರೆನ್ಷಿಯಲ್ ಎರಡು, ಹಿಂದೊಂದು ಮುಂದೊಂದು. ಎರಡಕ್ಕೂ ಬಲ ಹಂಚುವ ಪೆಟ್ಟಿಗೆ ಗೇರ್‌ಬಾಕ್ಸಿನ ಬೆನ್ನಿಗೆ ಇರುತ್ತದೆ. ಅದೇ ಟ್ರಾನ್ಸ್‌ಫರ್ ಕೇಸ್. ಅದರಿಂದ ಹಿಂದಕ್ಕೊಂದು, ಮುಂದಕ್ಕೊಂದು ಪ್ರೊಪೆಲ್ಲರ್ ಶಾಫ್ಟ್ ಹೊರಡುತ್ತದೆ. ನಾನು ಆಗ ಹೇಳಿದ ಸಣ್ಣ ಸನ್ನೆ ಈ ಪೆಟ್ಟಿಗೆಯದು. ಜಿಪ್ಸಿಯಂಥ ಗಾಡಿಯಲ್ಲಿ ಒಂದೇ ಸನ್ನೆಯಿಂದ ಎಲ್ಲ ಕೆಲಸ. ಹಳೆಯ ವಿಲ್ಲೀಸ್ ಜೀಪಿನಲ್ಲಿ ಎರಡು ಸನ್ನೆಗಳಿದ್ದವು. ಒಂದು ಮುಂದಿನ ಗಾಲಿಗಳನ್ನು ಕೂಡಿಸಲು, ಇನ್ನೊಂದು ‘ಹೈ’ಯಿಂದ ‘ಲೋ’ಗೆ ಹೋಗಲು. ಮುಂದಿನ ಗಾಲಿ ಕೂಡಿಸದೆ ಲೋ ಹಾಕಲು ಎರಡನೆಯ ಮಹಾಯುದ್ಧದ ಕಾಲದ ಆ ಜೀಪು ಬಿಡುತ್ತಿರಲಿಲ್ಲ. ಲೋ ಗೇರಿನ ಬಲವನ್ನೆಲ್ಲ ಹಿಂದಿನ ಅಚ್ಚೊಂದೇ ಹೊರುವಂತಾಗಬಾರದು ಎಂಬ ಮುಂಜಾಗ್ರತೆ ಅದು.

ಲೋ ಎಂದರೆ ಏನು? ಮಹೀಂದ್ರ ಕಂಪನಿ ಪರವಾನಗಿ ಪಡೆದು ನಮ್ಮ ದೇಶದಲ್ಲಿ ತಯಾರಿಸಿದ ಸಿಜೆ-3ಬಿ ಜೀಪನ್ನೇ ತೆಗೆದುಕೊಳ್ಳೋಣ. ವಿಲ್ಲೀಸ್ ವಿನ್ಯಾಸದ ಪ್ರಕಾರ ಅದರ ಒಂದನೇ ಗೇರು ಸುತ್ತನ್ನು 2.8ರಷ್ಟು ಇಳಿಸುತ್ತದೆ, ಅಚ್ಚಿನ ಕ್ರೌನ್ ಪಿನಿಯನ್ ಮತ್ತೆ 5.38ರಷ್ಟು. ಎರಡನ್ನೂ ಗುಣಿಸಿದರೆ, ಗಾಲಿ ಒಂದು ಸುತ್ತು ಬರಲು ಎಂಜಿನ್ನು 15 ಸುತ್ತು ತಿರುಗಬೇಕು. ಲೋ ಹಾಕಿದಾಗ ಟ್ರಾನ್ಸ್‌ಫರ್ ಕೇಸು ಇನ್ನೂ 2.46ರಷ್ಟು ಇಳಿಸುತ್ತದೆ. ಆಗ ಗಾಲಿಯ ಒಂದು ಸುತ್ತಿಗೆ ಎಂಜಿನ್ನಿನ 37 ಸುತ್ತು. ಎಂಜಿನ್ನು ನಿಮಿಷಕ್ಕೆ ಸಾವಿರ ಸುತ್ತು ತಿರುಗುತ್ತಿದ್ದರೂ ಜೀಪು ಗಂಟೆಗೆ ಮೂರೂವರೆ ಕಿಲೋಮೀಟರಿನಂತೆ, ಮನುಷ್ಯನ ನಡಿಗೆಗಿಂತ ನಿಧಾನವಾಗಿ ತೆವಳುತ್ತದೆ. ಸುತ್ತು ಎಷ್ಟು ಕಡಿಮೆಯೋ ತಿರುಚುಬಲ ಅಷ್ಟು ಹೆಚ್ಚು. ಕಲ್ಲುಬಂಡೆಯ ಏರಿನಲ್ಲಿ ಕ್ಲಚ್ಚು ಸುಡದೆ ಹತ್ತುವುದು ಇದರಿಂದಲೇ. ಕಡಿದಾದ ಇಳಿಜಾರಿನಲ್ಲಿ ಬ್ರೇಕಿಗೆ ಕಾಲಿಡದೆ ಎಂಜಿನ್ನಿನ ತಡೆಯಲ್ಲೇ ಇಳಿಯಬಹುದಾದದ್ದೂ ಇದರಿಂದಲೇ.

ಈಗ ಮೂರನೆಯ ಪ್ರಶ್ನೆ. ಫೋರ್ ವೀಲನ್ನು ಯಾವಾಗಲೂ ಹಾಕಿಟ್ಟರೆ ಏನು? ಇಂಥ ಜೀಪುಗಳ ಟ್ರಾನ್ಸ್‌ಫರ್ ಕೇಸಿನಲ್ಲಿ ಡಿಫರೆನ್ಷಿಯಲ್ ಇರುವುದಿಲ್ಲ. ಫೋರ್ ವೀಲ್ ಹಾಕಿದಾಗ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದಕ್ಕೊಂದು ಗಟ್ಟಿಯಾಗಿ ಬಿಗಿದುಕೊಂಡು ಒಂದೇ ಸುತ್ತು ತಿರುಗುತ್ತವೆ. ಆದರೆ ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ದೊಡ್ಡ ವೃತ್ತದಲ್ಲಿ ಹೋಗುತ್ತವೆ. ಮುಂದಿನ ಹಿಂದಿನ ಅಚ್ಚುಗಳ ನಡುವೆ 2.4 ಮೀಟರ್ ಅಂತರವಿರುವ ಗಾಡಿ ಆರು ಮೀಟರ್ ತ್ರಿಜ್ಯದ ತಿರುವಿನಲ್ಲಿ ಒಂದು ಮೂಲೆ ತಿರುಗಿದರೆ, ಮುಂದಿನ ಜೋಡಿ ಹಿಂದಿನ ಜೋಡಿಗಿಂತ ಸುಮಾರು 70 ಸೆಂಟಿಮೀಟರ್ ಹೆಚ್ಚು ಓಡಬೇಕು. ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ಹೆಚ್ಚು ಓಡುವುದು ಮುಂದಿನ ಜೋಡಿಯೇ. ಆದ್ದರಿಂದ ಒಂದು ತಿರುವಿನ ಬಾಕಿಯನ್ನು ಮುಂದಿನ ತಿರುವು ತೀರಿಸುವುದಿಲ್ಲ, ಕೂಡುತ್ತಲೇ ಹೋಗುತ್ತದೆ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಅಂಥ ಒಂದು ತಿರುವು ಎಂದರೆ ಎರಡು ಮೂಲೆ ತಿರುಗಿದಂತೆ. ಪ್ರತಿಯೊಂದೂ ಇಷ್ಟೇ ಬಿಗಿಯಾದದ್ದು ಎಂದು ಲೆಕ್ಕ ಹಾಕಿದರೆ, ಘಾಟಿ ಮುಗಿಯುವಷ್ಟರಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ 20 ಮೀಟರಿನಷ್ಟು ಹೆಚ್ಚು ಓಡಿರಬೇಕು.

ಕೆಸರಿನಲ್ಲಾದರೆ ಟೈರು ಚೂರು ಚೂರೇ ಜಾರಿ ಈ ಬಾಕಿಯನ್ನು ತೀರಿಸಿಕೊಳ್ಳುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಒಣ ಟಾರಿನಲ್ಲಿ ಟೈರು ಸುಲಭಕ್ಕೆ ಜಾರುವುದಿಲ್ಲ. ಬಾಕಿಯೆಲ್ಲ ಶಾಫ್ಟುಗಳಲ್ಲಿ, ಹಲ್ಲುಗಾಲಿಗಳಲ್ಲಿ, ಶಾಫ್ಟಿನ ಕೀಲುಗಳಾದ ಯುಜೆ ಕ್ರಾಸ್‌ಗಳಲ್ಲಿ ತಿರುಚಾಗಿ ಸೇರಿಕೊಳ್ಳುತ್ತದೆ. ಸ್ಟೀರಿಂಗು ಭಾರವಾಗುತ್ತದೆ. ಗಾಡಿ ಯಾರೋ ಹಿಂದಿನಿಂದ ಹಿಡಿದಂತೆ ತಡೆದು ತಡೆದು ಹೋಗುತ್ತದೆ. ಟೈರು ಉಜ್ಜಿ ಸವೆಯುತ್ತದೆ. ಸನ್ನೆ ಬಿಗಿದುಕೊಂಡು ಹೊರಗೆ ಬರುವುದಿಲ್ಲ. ಹಟ ಹಿಡಿದು ಓಡಿಸಿದರೆ ಎಲ್ಲಿ ಬಡಕಲಾಗಿದೆಯೋ ಅಲ್ಲಿ ಮುರಿಯುತ್ತದೆ. ಸನ್ನೆ ಸಿಕ್ಕಿಕೊಂಡಾಗ ಗುದ್ದಾಡಬೇಡಿ. ಗಾಡಿಯನ್ನು ನೇರವಾಗಿ ನಾಲ್ಕು ಮಾರು ಹಿಂದಕ್ಕೆ ತೆಗೆದುಕೊಳ್ಳಿ, ತಿರುಚು ಸಡಿಲವಾಗಿ ಸನ್ನೆ ತಾನಾಗಿ ಬರುತ್ತದೆ.

ಇದೇ ಕಾರಣಕ್ಕೆ ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿರಬೇಕು. ಮುಂದೆ ಹೊಸ ಟೈರು, ಹಿಂದೆ ಸವೆದು ನುಣ್ಣಗಾದ ಟೈರು ಹಾಕಿಕೊಂಡರೆ ನೇರ ದಾರಿಯಲ್ಲೂ ಈ ಬಾಕಿ ಏರುತ್ತಲೇ ಇರುತ್ತದೆ.

ಹಾಗಾದರೆ ಟಾರಿನಲ್ಲಿ ಸನ್ನೆ ಬಿಟ್ಟು, ಹಿಂದಿನ ಎರಡು ಗಾಲಿಗಳಲ್ಲಿ ಓಡಿಸಿದರಾಯಿತು. ಇಲ್ಲಿಯೇ ಲಾಕಿಂಗ್ ಹಬ್ಬಿನ ಕತೆ ಶುರುವಾಗುವುದು. ಅದನ್ನು ಹೇಳುವ ಮುಂಚೆ ಸ್ವಲ್ಪ ಇತಿಹಾಸ.

ನಾಲ್ಕು ಗಾಲಿಯ ಎಳೆತ ಚೆನ್ನಾಗಿ ಬೇರೂರಿದ್ದು ಲಾರಿಗಳಲ್ಲಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಆಟೊ ಜಾಕೊ ಮತ್ತು ವಿಲಿಯಂ ಬೆಸ್ಸರ್‌ಡಿಚ್ ಎಂಬ ಇಬ್ಬರು ಕಸುಬುದಾರರು 1908ರಲ್ಲಿ ನಾಲ್ಕೂ ಗಾಲಿ ಎಳೆಯುವ ಗಾಡಿ ಕಟ್ಟಿದರು. ಅವರಿಗಿದ್ದ ದೊಡ್ಡ ತೊಡಕು ಒಂದೇ. ಮುಂದಿನ ಗಾಲಿ ದಾರಿಗೆ ತಕ್ಕಂತೆ ಎಡಬಲಕ್ಕೆ ಹೊರಳಬೇಕು, ಹೊರಳುತ್ತಲೇ ಬಲವನ್ನೂ ಪಡೆಯಬೇಕು. ಅದಕ್ಕೆ ಬಾಗಿಯೂ ತಿರುಗಬಲ್ಲ ಕೀಲು ಬೇಕಿತ್ತು. ಜಾಕೊ ಅಂಥ ಕೀಲನ್ನು ರೂಪಿಸಿದ. ಅವರು ಆರಂಭಿಸಿದ ಎಫ್‌ಡಬ್ಲ್ಯೂಡಿ ಕಂಪನಿಯ ಮೂರು ಟನ್ನಿನ ಮಾಡೆಲ್ ಬಿ ಲಾರಿಗಳು ಮೊದಲ ಮಹಾಯುದ್ಧದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಯೂರೋಪಿನ ಕೆಸರಿಗೆ ಇಳಿದವು. ಅದೇ ರಾಜ್ಯದ ಕೆನೋಶಾದಲ್ಲಿ 1913ರಲ್ಲಿ ಬಂದ ಜೆಫ್ರಿ ಕ್ವಾಡ್ ಲಾರಿಯಂತೂ ನಾಲ್ಕೂ ಗಾಲಿಗಳಲ್ಲಿ ಎಳೆಯುತ್ತಿತ್ತು, ನಾಲ್ಕರಲ್ಲೂ ಹೊರಳುತ್ತಿತ್ತು, ನಾಲ್ಕರಲ್ಲೂ ಬ್ರೇಕು ಹಿಡಿಯುತ್ತಿತ್ತು.

ಎರಡನೆಯ ಮಹಾಯುದ್ಧ ಜೀಪನ್ನು ತಂದಿತು. 1940ರ ಸೆಪ್ಟೆಂಬರಿನಲ್ಲಿ ಅಮೆರಿಕದ ಬ್ಯಾಂಟಮ್ ಕಂಪನಿ ಸೈನ್ಯಕ್ಕೆ ಮೊದಲ ಮಾದರಿ ಒಪ್ಪಿಸಿತು. ಯುದ್ಧ ಮುಗಿಯುವಷ್ಟರಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದ್ದವು. ಯುದ್ಧದ ಮೇಲೆ ಉಳಿದ ಜೀಪುಗಳು ಕಡಿಮೆ ಬೆಲೆಗೆ ಮಾರಾಟವಾಗಿ ರೈತರ, ವ್ಯಾಪಾರಿಗಳ ಕೈಸೇರಿದವು. ಸೈನ್ಯದ ಲಾರಿಗಳಿಗೂ ಅದೇ ಗತಿಯಾಯಿತು. ಕೇರಳದ ಮರದ ಕೂಪುಗಳಲ್ಲಿ ಆ ಕಾಲದ ಸೈನ್ಯದ ಲಾರಿಗಳು ದಶಕಗಳ ಕಾಲ ದಿಮ್ಮಿ ಎಳೆದಿವೆ.

ಸೈನ್ಯದ ಜೀಪಿನಲ್ಲಿ ಮುಂದಿನ ಗಾಲಿಗೂ ಅದರ ಆಕ್ಸಲ್ ಸರಳಿಗೂ ನಡುವೆ ಗಟ್ಟಿ ಬಿಲ್ಲೆಯೊಂದನ್ನು ಬೋಲ್ಟು ಹಾಕಿ ಕೂರಿಸಿರುತ್ತಿದ್ದರು. ಸನ್ನೆ ಬಿಟ್ಟರೆ ಎಂಜಿನ್ನಿನ ಕಡೆಯಿಂದ ಬಲ ನಿಲ್ಲುತ್ತಿತ್ತು, ನಿಜ. ಆದರೆ ಗಾಲಿಯ ಕಡೆಯಿಂದ ಏನಾಗುತ್ತಿತ್ತು? ರಸ್ತೆಯ ಮೇಲೆ ಉರುಳುವ ಗಾಲಿ ಆಕ್ಸಲನ್ನು ತಿರುಗಿಸುತ್ತಿತ್ತು, ಆಕ್ಸಲ್ ಡಿಫರೆನ್ಷಿಯಲನ್ನು, ಅದು ಪಿನಿಯನ್ನನ್ನು, ಪಿನಿಯನ್ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು. ಇಡೀ ಮುಂದಿನ ಸಂಸಾರ ಕೆಲಸವಿಲ್ಲದೆ ಹಗಲೆಲ್ಲ ತಿರುಗುತ್ತಿತ್ತು. ಸದ್ದು, ಅದುರು, ಸವೆತ, ಒಂದಷ್ಟು ಪೆಟ್ರೋಲಿನ ನಷ್ಟ. ಯುದ್ಧರಂಗದಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಟಾರು ರಸ್ತೆಯಲ್ಲಿ ಸಂತೆಗೆ ಹೋಗಿ ಬರುವ ರೈತ ಹಿಡಿಯುತ್ತಾನೆ.

1948ರಲ್ಲಿ ಸಿಯಾಟಲ್ ನಗರದ ಆರ್ಥರ್ ವಾರ್ನ್ ಎಂಬಾತ ಇದಕ್ಕೆ ಪರಿಹಾರವಾಗಿ ಜೀಪುಗಳಿಗೆ ಲಾಕಿಂಗ್ ಹಬ್ ತಯಾರಿಸಿ ಮಾರತೊಡಗಿದ. ಗಟ್ಟಿ ಬಿಲ್ಲೆ ತೆಗೆದು ಆ ಜಾಗದಲ್ಲಿ ಇದನ್ನು ಕೂರಿಸಿದರೆ, ಬೇಕಾದಾಗ ಗಾಲಿಯನ್ನು ಆಕ್ಸಲಿಗೆ ಸೇರಿಸಬಹುದು, ಬೇಡವಾದಾಗ ಬಿಡಿಸಬಹುದು. ಬಿಡಿಸಿದ ಮುಂಗಾಲಿ ಎತ್ತಿನ ಗಾಡಿಯ ಗಾಲಿಯೇ ಆಗಿಬಿಡುತ್ತದೆ. ಅಚ್ಚಿನ ತುದಿಯಲ್ಲಿ ತನ್ನಷ್ಟಕ್ಕೆ ಸುತ್ತುತ್ತದೆ, ಒಳಗಿನ ಸರಳು ಸುಮ್ಮನಿರುತ್ತದೆ.

ಇದರ ಒಳಗೇನಿದೆ ನೋಡೋಣ. ಆಕ್ಸಲ್ ಸರಳಿನ ತುದಿಯಲ್ಲಿ ಉದ್ದುದ್ದ ಗೀರುಗಳಿವೆ, ಅದಕ್ಕೆ ಒಂದು ಸಣ್ಣ ಹಲ್ಲುಗಾಲಿ ಕೂತಿದೆ. ಹೊರಗೆ ರಸ್ತೆಗಾಲಿಯ ಹಬ್ಬಿಗೆ ಬೋಲ್ಟು ಹಾಕಿದ ಬುರುಡೆಯಿದೆ, ಅದರ ಒಳಮೈಯಲ್ಲೂ ಗೀರುಗಳಿವೆ. ಎರಡರ ನಡುವೆ ಹಿಂದಕ್ಕೂ ಮುಂದಕ್ಕೂ ಸರಿಯಬಲ್ಲ ಒಂದು ಹಲ್ಲಿನ ಬಳೆ. ಈ ಬಳೆ ಹೊರಗಿನ ಬುರುಡೆಯ ಜೊತೆ ಯಾವಾಗಲೂ ತಿರುಗುತ್ತಿರುತ್ತದೆ. ಬಿಲ್ಲೆಯನ್ನು ‘ಲಾಕ್’ ಕಡೆಗೆ ತಿರುವಿದರೆ ಸ್ಪ್ರಿಂಗು ಬಳೆಯನ್ನು ಒಳಕ್ಕೆ ತಳ್ಳುತ್ತದೆ. ಅದರ ಹಲ್ಲುಗಳು ಆಕ್ಸಲ್ ತುದಿಯ ಹಲ್ಲುಗಾಲಿಯನ್ನು ಕಚ್ಚಿಕೊಳ್ಳುತ್ತವೆ. ಗಾಲಿಗೂ ಆಕ್ಸಲಿಗೂ ನಂಟು ಬಿತ್ತು. ‘ಫ್ರೀ’ ಕಡೆಗೆ ತಿರುವಿದರೆ ಬಳೆ ಈಚೆಗೆ ಸರಿದು ನಂಟು ಕಡಿಯುತ್ತದೆ. ತಿರುವಿದ ಕೂಡಲೇ ಹಲ್ಲಿಗೆ ಹಲ್ಲು ಎದುರಾಗಿ ನಿಂತಿದ್ದರೆ ಬಳೆ ಒಳಗೆ ಹೋಗುವುದಿಲ್ಲ. ಚಿಂತೆಯಿಲ್ಲ, ಸ್ಪ್ರಿಂಗು ಕಾಯುತ್ತಿರುತ್ತದೆ. ಗಾಡಿ ಒಂದಿಷ್ಟು ಅಲುಗಾಡಿದರೆ ಟಕ್ ಎಂದು ಕೂರುತ್ತದೆ.

ಗಾಡಿಯ ಭಾರವನ್ನು ಈ ಬೀಗ ಹೊರುವುದಿಲ್ಲ. ಭಾರವೆಲ್ಲ ಅದರ ಹಿಂದಿರುವ ಸ್ಟಬ್ ಆಕ್ಸಲಿನ ಬೇರಿಂಗುಗಳ ಮೇಲೆ. ಆದ್ದರಿಂದ ಹಬ್ ಬಿಡಿಸಿ ಓಡಿಸಿದರೆ ಗಾಲಿ ಕಳಚೀತು ಎಂಬ ಅಂಜಿಕೆಗೆ ಕಾರಣವಿಲ್ಲ.

ಬಳಸುವವರು ನೆನಪಿಡಬೇಕಾದ ಎರಡು ಮಾತು. ಒಂದು, ಎರಡೂ ಗಾಲಿಗಳ ಬಿಲ್ಲೆ ಒಂದೇ ಕಡೆಗಿರಬೇಕು. ಅವಸರದಲ್ಲಿ ಎಡಗಾಲಿಗೆ ಬೀಗ ಹಾಕಿ ಬಲಗಾಲಿಯನ್ನು ಮರೆತಿರಿ ಎನ್ನಿ. ಡಿಫರೆನ್ಷಿಯಲ್‌ನ ಸ್ವಭಾವ ಆಗಲೇ ಹೇಳಿದ್ದೇನೆ. ಬಲಗಡೆಯ ಆಕ್ಸಲ್‌ಗೆ ಗಾಲಿಯ ತಡೆಯೇ ಇಲ್ಲ, ಅದು ಸುಮ್ಮನೆ ಸುತ್ತತೊಡಗುತ್ತದೆ. ಎಡಗಡೆಗೂ ಅಷ್ಟೇ, ಅಂದರೆ ಸೊನ್ನೆ ಬಲ. ಸನ್ನೆ ಎಳೆದು ಫೋರ್ ವೀಲ್ ಹಾಕಿದ್ದೇನೆ ಎಂದು ನೀವು ನಂಬಿರುತ್ತೀರಿ, ಮುಂದಿನ ಎರಡೂ ಗಾಲಿಗಳು ಎಳೆಯುವುದಿಲ್ಲ.

ಎರಡು, ಹಬ್ಬಿಗೆ ಬೀಗ ಹಾಕುವುದು ಬೇರೆ, ಸನ್ನೆ ಎಳೆಯುವುದು ಬೇರೆ. ಸನ್ನೆ ಎಳೆದು ಹಬ್ ಬಿಟ್ಟಿದ್ದರೆ ಪ್ರಯೋಜನವಿಲ್ಲ. ಹಬ್ ಬೀಗ ಹಾಕಿ ಸನ್ನೆ ಎಳೆಯದಿದ್ದರೆ ಹಾನಿಯಿಲ್ಲ, ಹಳೆಯ ಸೈನ್ಯದ ಜೀಪಿನಂತೆ ಮುಂದಿನ ಭಾಗ ಸುಮ್ಮನೆ ತಿರುಗುತ್ತಿರುತ್ತದೆ, ಟಾರಿನ ಮೇಲೂ ಹೋಗಬಹುದು. ಇದನ್ನು ತಿಳಿದ ಮಲೆನಾಡಿನ ಚಾಲಕ ಮಳೆಗಾಲದಲ್ಲಿ ಬೆಳಿಗ್ಗೆ ಮನೆ ಬಿಡುವಾಗಲೇ ಹಬ್ಬುಗಳಿಗೆ ಬೀಗ ಹಾಕಿಕೊಂಡು ಹೊರಡಬಹುದು. ಟಾರಿನಲ್ಲಿ ಸನ್ನೆ ಬಿಟ್ಟಿರುತ್ತಾನೆ, ಅರಲು ಬಂದ ಕಡೆ ಕೂತಲ್ಲಿಂದಲೇ ಎಳೆಯುತ್ತಾನೆ. ಮೊಣಕಾಲಿನವರೆಗೆ ಹೂತ ಮೇಲೆ ಕೆಳಗಿಳಿದು ಕೆಸರಿನೊಳಗೆ ಕೈಯಾಡಿಸಿ ಬಿಲ್ಲೆ ಹುಡುಕುವ ಪಾಡು ಅವನಿಗಿಲ್ಲ.

ಇಳಿದು ತಿರುವುವ ಕಷ್ಟ ಬೇಡವೆಂದು ತಾನಾಗಿಯೇ ಬೀಗ ಬೀಳುವ ಹಬ್ಬುಗಳೂ ಬಂದವು. ಒಂದು ಬಗೆಯದರಲ್ಲಿ ಆಕ್ಸಲ್‌ ತಿರುಗಿದ ಬಲದಿಂದಲೇ ಬಳೆ ಸರಿದು ಕಚ್ಚಿಕೊಳ್ಳುತ್ತದೆ. ಬಿಡಿಸಬೇಕಾದರೆ ಸನ್ನೆ ತೆಗೆದು ಗಾಡಿಯನ್ನು ಕೊಂಚ ಹಿಂದಕ್ಕೆ ಓಡಿಸಬೇಕು. ಇನ್ನೊಂದು ಬಗೆಯದು ನಿರ್ವಾತದಿಂದ ಕೆಲಸ ಮಾಡುತ್ತದೆ. ಗಾಳಿ ಹೀರುವ ಸಣ್ಣ ಕೊಳವೆ ಹಬ್ಬಿನವರೆಗೆ ಬಂದು ಒಳಗಿನ ರಬ್ಬರು ಪೊರೆಯನ್ನು ಎಳೆಯುತ್ತದೆ, ಪೊರೆ ಬಳೆಯನ್ನು ಎಳೆಯುತ್ತದೆ. ಅಮೆರಿಕದ ಫೋರ್ಡ್ ಸೂಪರ್ ಡ್ಯೂಟಿ ಲಾರಿಗಳಲ್ಲಿ ಈ ಏರ್ಪಾಡಿದೆ, ಜೊತೆಗೆ ಕೈಯಿಂದ ತಿರುವುವ ಬಿಲ್ಲೆಯನ್ನೂ ಉಳಿಸಿದ್ದಾರೆ. ಉಳಿಸಿದ್ದು ವಿವೇಕ. ಕೊಳವೆಯಲ್ಲೋ ಸೀಲಿನಲ್ಲೋ ಸೂಜಿಮೊನೆಯಷ್ಟು ಸೋರಿಕೆಯಿದ್ದರೂ ನಿರ್ವಾತದ ಹಬ್ಬು ಕೈಕೊಡುತ್ತದೆ. ಕೈಯಿಂದ ತಿರುವುವ ಹಬ್ಬಿನಲ್ಲಿ ಕೆಡುವಂಥದ್ದು ಬಹಳ ಕಡಿಮೆ. ಕಾಡು ದಾರಿಯಲ್ಲಿ ಓಡುವವರು ಇವತ್ತಿಗೂ ಅದನ್ನೇ ನಂಬುವುದರಲ್ಲಿ ಅರ್ಥವಿದೆ.

ಇನ್ನೊಂದು ದಾರಿಯೂ ಇದೆ. ಟ್ರಾನ್ಸ್‌ಫರ್ ಕೇಸಿನೊಳಗೇ ಮೂರನೆಯ ಡಿಫರೆನ್ಷಿಯಲ್ ಇಟ್ಟುಬಿಟ್ಟರೆ, ಮುಂದಿನ ಹಿಂದಿನ ಶಾಫ್ಟುಗಳು ಬೇರೆ ಬೇರೆ ವೇಗದಲ್ಲಿ ತಿರುಗಬಹುದು, ಟಾರಿನ ಮೇಲೂ ನಾಲ್ಕು ಗಾಲಿಯಲ್ಲೇ ಓಡಿಸಬಹುದು. ಬ್ರಿಟನ್ನಿನ ರೇಂಜ್ ರೋವರ್ 1970ರಲ್ಲಿ ಹೀಗೆ ಬಂತು. ಆದರೆ ಹೀಗಿಟ್ಟಾಗ ನಾಲ್ಕರಲ್ಲಿ ಒಂದು ಗಾಲಿ ಜಾರಿದರೂ ಗಾಡಿ ನಿಂತುಬಿಡುವ ಅಪಾಯವಿದೆ. ಆದ್ದರಿಂದ ನಡುವಿನ ಡಿಫರೆನ್ಷಿಯಲ್‌ಗೂ ಬೀಗ ಕೊಡಬೇಕಾಯಿತು. 1970ರ ದಶಕದಲ್ಲಿ ಅಮೆರಿಕದ ಪಿಕಪ್ ಲಾರಿಗಳಲ್ಲೂ ಸದಾ ನಾಲ್ಕು ಗಾಲಿಯ ವ್ಯವಸ್ಥೆ ಬಂತು. ಅದೇ ಹೊತ್ತಿಗೆ ತೈಲದ ಬಿಕ್ಕಟ್ಟು. ಮುಂದಿನ ಭಾಗ ಸದಾ ತಿರುಗಿ ಪೆಟ್ರೋಲು ಕುಡಿಯುವುದನ್ನು ಸಹಿಸದ ಅನೇಕ ಮಾಲೀಕರು ಟ್ರಾನ್ಸ್‌ಫರ್ ಕೇಸನ್ನು ಬದಲಿಸಿ ಲಾಕಿಂಗ್ ಹಬ್ ಹಾಕಿಸಿಕೊಂಡರು. ಬಿಡಿಸುವ ಅನುಕೂಲವನ್ನು ದುಡ್ಡು ಕೊಟ್ಟು ಮರಳಿ ಕೊಂಡರು.

ಕೆಸರಿನಲ್ಲಿ ಫೋರ್ ವೀಲ್ ಹಾಕಿದ ಗಾಡಿಯೂ ಸಿಕ್ಕಿಬೀಳುವುದುಂಟು. ಮುಂದಿನ ಎಡಗಾಲಿಯೂ ಹಿಂದಿನ ಬಲಗಾಲಿಯೂ ಏಕಕಾಲಕ್ಕೆ ಹಿಡಿತ ಕಳೆದುಕೊಂಡರೆ ಸಾಕು. ಎರಡೂ ಡಿಫರೆನ್ಷಿಯಲ್‌ಗಳು ಸುತ್ತನ್ನು ಸುಲಭದ ಕಡೆಗೇ ಹರಿಯಬಿಡುತ್ತವೆ, ಆ ಎರಡು ಗಾಲಿಗಳು ಗಾಳಿಯಲ್ಲಿ ಸುತ್ತುತ್ತವೆ, ಉಳಿದೆರಡು ನೆಲಕ್ಕೆ ಅಂಟಿ ನಿಲ್ಲುತ್ತವೆ. ಇದಕ್ಕೆ ಮದ್ದು ಡಿಫರೆನ್ಷಿಯಲ್ ಲಾಕ್. ಹೆಸರು ಒಂದೇ ಥರ ಕೇಳಿದರೂ ಹಬ್ ಲಾಕಿನ ಕೆಲಸವೇ ಬೇರೆ, ಇದರ ಕೆಲಸವೇ ಬೇರೆ. ಹಬ್ ಲಾಕು ಗಾಲಿಯನ್ನು ಆಕ್ಸಲಿಗೆ ಸೇರಿಸುತ್ತದೆ. ಡಿಫರೆನ್ಷಿಯಲ್ ಲಾಕು ಎಡ ಆಕ್ಸಲನ್ನೂ ಬಲ ಆಕ್ಸಲನ್ನೂ ಒಂದಾಗಿ ಬಿಗಿಯುತ್ತದೆ. ಫೋರ್ಸ್ ಗೂರ್ಖಾದಲ್ಲಿ ಮುಂದೆ ಹಿಂದೆ ಎರಡಕ್ಕೂ ಇಂಥ ಬೀಗವಿದೆ.

ಕಲ್ಲುಕ್ವಾರಿಗಳಲ್ಲಿ, ಗಣಿಗಳಲ್ಲಿ ಓಡುವ ದೊಡ್ಡ ಟಿಪ್ಪರುಗಳಲ್ಲೂ ಈ ಬೀಗ ಕಾಣಬಹುದು. ಅವುಗಳ ಮೈಮೇಲೆ ‘6×4’ ಎಂದು ಬರೆದಿರುತ್ತದೆ. ಮೊದಲ ಅಂಕಿ ಒಟ್ಟು ಗಾಲಿಯ ಜಾಗ, ಎರಡನೆಯದು ಎಳೆಯುವ ಗಾಲಿಯ ಜಾಗ. ಜೋಡಿ ಟೈರಿದ್ದರೂ ಅದನ್ನು ಒಂದೇ ಎಂದು ಎಣಿಸುತ್ತಾರೆ. ಹಿಂದಿನ ಎರಡು ಅಚ್ಚುಗಳೂ ಎಳೆಯುತ್ತವೆ, ಮುಂದಿನದು ದಾರಿ ತೋರಿಸುವುದಕ್ಕೆ ಮಾತ್ರ. ಆ ಎರಡು ಅಚ್ಚುಗಳ ನಡುವೆಯೂ ಒಂದು ಡಿಫರೆನ್ಷಿಯಲ್, ಅದಕ್ಕೊಂದು ಬೀಗ, ಆ ಬೀಗಕ್ಕೆ ಚಾಲಕನ ಮುಂದೆ ಒಂದು ಸ್ವಿಚ್ಚು. ಮಣ್ಣಿನಲ್ಲಿ ಹಾಕಿದ ಸ್ವಿಚ್ಚನ್ನು ಟಾರಿಗೆ ಬಂದ ಮೇಲೂ ತೆಗೆಯದಿದ್ದರೆ ಆಗುವ ಹಾನಿ ಜೀಪಿಗೆ ಹೇಳಿದ್ದೇ. ಭಾರ ಹೆಚ್ಚಿರುವುದರಿಂದ ರಿಪೇರಿಯ ಖರ್ಚು ಮಾತ್ರ ಹಲವು ಪಟ್ಟು.

ಕೊನೆಗೆ, ಇಂಥ ಗಾಡಿ ಇಟ್ಟುಕೊಂಡಿರುವ ಕೇಳುಗರಿಗೆ ನಾಲ್ಕು ಬುದ್ಧಿಮಾತು.

ಫೋರ್ ವೀಲನ್ನು ಸಿಕ್ಕಿಬಿದ್ದ ಮೇಲೆ ಹಾಕುವುದಲ್ಲ, ಕೆಸರಿಗೆ ಇಳಿಯುವ ಮೊದಲೇ ಹಾಕಬೇಕು. ಲೋ ಹಾಕುವುದಾದರೆ ಗಾಡಿಯನ್ನು ಪೂರ್ತಿ ನಿಲ್ಲಿಸಿಯೇ ಹಾಕಬೇಕು.

ನಾಲ್ಕು ಗಾಲಿಯ ಎಳೆತ ಬ್ರೇಕಿಗೆ ಬಲ ಕೊಡುವುದಿಲ್ಲ. ಎಲ್ಲ ಕಾರುಗಳೂ ನಾಲ್ಕು ಗಾಲಿಗಳಲ್ಲೇ ಬ್ರೇಕು ಹಿಡಿಯುತ್ತವೆ. ಒದ್ದೆ ರಸ್ತೆಯಲ್ಲಿ ಜೀಪು ಬೇಗ ಓಟ ಕೀಳಬಹುದು, ಬೇಗ ನಿಲ್ಲುವುದಿಲ್ಲ. ಫೋರ್ ವೀಲಿದೆ ಎಂಬ ಧೈರ್ಯದಲ್ಲಿ ಘಾಟಿಯಲ್ಲಿ ವೇಗ ಹೆಚ್ಚಿಸಬೇಡಿ.

ಬೇಸಿಗೆಯಿಡೀ ಹಬ್ ಬಿಡಿಸಿಟ್ಟರೆ ಮುಂದಿನ ಡಿಫರೆನ್ಷಿಯಲ್‌ನ ಮೇಲ್ಭಾಗದ ಹಲ್ಲುಗಳಿಗೆ, ಕೀಲುಗಳಿಗೆ ಎಣ್ಣೆ ತಲುಪುವುದಿಲ್ಲ. ತಿಂಗಳಿಗೊಮ್ಮೆ ಹಬ್ಬುಗಳಿಗೆ ಬೀಗ ಹಾಕಿ, ಸನ್ನೆ ಎಳೆಯದೆ, ಹತ್ತು ಹದಿನೈದು ಕಿಲೋಮೀಟರ್ ಓಡಿಸಿ. ಹಬ್ಬಿನೊಳಕ್ಕೆ ಗ್ರೀಸು ತುಂಬಿ ಗಿಡಿಯಬೇಡಿ. ಗಟ್ಟಿ ಗ್ರೀಸಿನಲ್ಲಿ ಬಳೆ ಸಿಕ್ಕಿಕೊಂಡರೆ ಸ್ಪ್ರಿಂಗು ಅದನ್ನು ತಳ್ಳಲಾರದು. ತೆಳ್ಳಗೆ ಸವರಿದರೆ ಸಾಕು.

ಹೊಳೆಹಳ್ಳ ದಾಟಿ ನೀರಿನಲ್ಲಿ ಮುಳುಗಿಸಿದ ಹಬ್ಬನ್ನು ಬಿಚ್ಚಿಸಿ ನೋಡಿಸಿ. ಒಳಗೆ ನೀರು ಸೇರಿದರೆ ಮೊದಲು ಕೆಡುವುದು ಬೇರಿಂಗು.

ಹಬ್ಬು ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ಮೆಕ್ಯಾನಿಕ್ಕೇ ಬೇಕಿಲ್ಲ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಸನ್ನೆಯನ್ನು ಟೂ ವೀಲಿನಲ್ಲಿಡಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಗಾಲಿಯನ್ನು ಜಾಕಿನಿಂದ ಎತ್ತಿ. ಬಿಲ್ಲೆ ‘ಫ್ರೀ’ಯಲ್ಲಿದ್ದಾಗ ಗಾಲಿಯನ್ನು ಕೈಯಿಂದ ತಿರುಗಿಸಿದರೆ ಒಳಗಿನ ಆಕ್ಸಲ್ ತಿರುಗಬಾರದು. ‘ಲಾಕ್’ಗೆ ತಂದು ತಿರುಗಿಸಿದರೆ ಆಕ್ಸಲೂ ಜೊತೆಗೆ ತಿರುಗಬೇಕು. ಆಮೇಲೆ ಇನ್ನೊಂದು ಬದಿಗೂ ಹೀಗೆಯೇ ಮಾಡಿ. ಈ ಪರೀಕ್ಷೆಗೆ ಅರ್ಧ ಗಂಟೆ ಸಾಕು. ಮುಂಗಾರು ಹಿಡಿಯುವ ಮೊದಲೇ, ಮೇ ತಿಂಗಳ ಒಂದು ಭಾನುವಾರ ಇದನ್ನು ಮುಗಿಸಿಬಿಡಿ.